ಅಜ್ಜಿಯ ಸೀರೆಯ ಕೌದಿ, ಹರಡಿಹೋದ ನಾನಖಟಾಯಿ: ನಿಮ್ಮ ನಾಲ್ಕು ಪ್ರಶ್ನೆಗಳಿಗೆ ಉತ್ತರ

ನಮಸ್ಕಾರ. ಐದು ವಾರಗಳ ಬಳಿಕ ಬಾಗಲಕೋಟೆಯಲ್ಲಿ ನಡೆಯಲಿರುವ ನಾದಿನಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಕೈಯಾರೆ ಮಾಡಿದ ಉಡುಗೊರೆಯನ್ನೇ ಪುಣೆಯಿಂದ ಒಯ್ಯಬೇಕೆಂದು ನೀವು ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಒಂದು ಇಳಕಲ್ ಸೀರೆಯನ್ನೂ ಎರಡು ನೂಲಿನ ಸೀರೆಗಳನ್ನೂ ಹೊರತೆಗೆದಿದ್ದೀರಿ. ಪರೀಕ್ಷೆಗೆಂದು ಹೊಲಿದ ಕೌದಿಯ ತುಂಡು ಸುಕ್ಕುಗಟ್ಟಿತು, ಕುಕ್ಕರಿನಲ್ಲಿ ಮಾಡಿದ ನಾನಖಟಾಯಿ ತಟ್ಟೆಯ ತುಂಬ ಹರಡಿ ತಳ ಕಪ್ಪಾಯಿತು ಎಂದು ಬರೆದು, ಸೀರೆಯ ಕೆಂಪು ಸೆರಗು ಬಣ್ಣ ಬಿಡುತ್ತದೆಯೇ, ಇದಕ್ಕೆಲ್ಲ ಓವನ್ ಕೊಳ್ಳಬೇಕೆ ಎಂದೂ ಕೇಳಿದ್ದೀರಿ. ಓವನ್ ಸದ್ಯಕ್ಕೆ ಬೇಡ. ನಿಮ್ಮ ಬಿಸ್ಕತ್ತು ಹರಡಿರುವುದು ಒಲೆಯಿಂದಲ್ಲ, ಮುಖ್ಯವಾಗಿ ತುಪ್ಪದಿಂದ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ಐದು ವಾರಗಳಲ್ಲಿ ನಾಲ್ಕು ವಾರಗಳನ್ನು ಕೌದಿಗೇ ಕೊಡಬೇಕಾಗುತ್ತದೆ.

ಕತ್ತರಿ ಹಿಡಿಯುವ ಮೊದಲು ಸೀರೆಗಳನ್ನು ಒಮ್ಮೆ ಮೂಸಿ ನೋಡಿ. ಪೆಟ್ಟಿಗೆಯಲ್ಲಿ ಡಾಂಬರು ಗುಳಿಗೆ ಇಟ್ಟಿದ್ದರೆ ಆ ವಾಸನೆ ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ, ಮತ್ತು ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆಯಿರುವ ಕೆಲವು ಶಿಶುಗಳಲ್ಲಿ ಈ ಗುಳಿಗೆಯ ಅಂಶವು ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಹೀಗಾಗಿ ಸೀರೆಗಳನ್ನು ಸೌಮ್ಯವಾದ ಸಾಬೂನಿನಲ್ಲಿ ಬೇರೆಬೇರೆಯಾಗಿ ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಗಾಳಿ ಬಿಸಿಲುಗಳಲ್ಲಿ ಹರವಬೇಕು. ಎರಡು ಮೂರು ಸಲ ಒಗೆಯಬೇಕಾಗಿ ಬಂದರೂ ಬೇಸರಪಡಬೇಡಿ. ಒಣಗಿದ ಮೇಲೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಳೆಗಳು ಜರಡಿಯಂತೆ ಕಾಣುವ ಭಾಗಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ. ಕುಳಿತೆದ್ದು ಸವೆದ ಜಾಗ, ನೆರಿಗೆಯ ಕೆಳಗಿನ ಅಂಚು ಇವೇ ಮೊದಲು ಜೀರ್ಣವಾಗಿರುತ್ತವೆ. ಎರಡು ಹೆಬ್ಬೆರಳುಗಳ ನಡುವೆ ಎಳೆದಾಗ ಚರ್ರೆಂದು ಹರಿಯುವ ಬಟ್ಟೆ ಎಷ್ಟೇ ಚಂದವಿದ್ದರೂ ಕೌದಿಗೆ ಬೇಡ.

ಇಳಕಲ್ ಸೀರೆಯನ್ನು ಬಟ್ಟೆಯ ದೃಷ್ಟಿಯಿಂದ ಎರಡು ಸೀರೆಗಳೆಂದೇ ಎಣಿಸಬೇಕು. ಮೈಯ ಹಾಸು (ಉದ್ದದ ಎಳೆಗಳು) ನೂಲಿನದು, ಟೋಪ ತೆನಿ ಎಂಬ ವಿನ್ಯಾಸದ ಸೆರಗಿನ ಹಾಸು ರೇಷ್ಮೆಯದು ಇಲ್ಲವೇ ಕೃತಕ ರೇಷ್ಮೆಯದು; ಇವೆರಡನ್ನೂ ನೇಕಾರರು ಮಗ್ಗದ ಮೇಲೆಯೇ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಮೈ ಮತ್ತು ಸೆರಗು ಒಗೆತಕ್ಕೆ ಒಂದೇ ರೀತಿಯಲ್ಲಿ ಕುಗ್ಗುವುದಿಲ್ಲ, ಒಂದೇ ವೇಗದಲ್ಲಿ ಸವೆಯುವುದೂ ಇಲ್ಲ. ಆದುದರಿಂದ ಸೆರಗನ್ನು ಕೌದಿಯಿಂದ ಹೊರಗಿಟ್ಟು, ಮೈಯನ್ನೂ ದಡಿಯನ್ನೂ ಬಳಸಿರಿ. ನನ್ನ ಮೊದಲ ಕೌದಿಯಲ್ಲಿ ನಾನು ಹಟ ಹಿಡಿದು ಕೆಂಪು ಸೆರಗನ್ನೇ ನಡುವೆ ಇಟ್ಟಿದ್ದೆ. ಮೊದಲ ಒಗೆತಕ್ಕೇ ಅದರ ಅಡಿಯಲ್ಲಿದ್ದ ಬಿಳಿಯ ಧೋತರವು ಹೋಳಿ ಹುಣ್ಣಿಮೆಯ ಅಂಗಿಯಂತಾಯಿತು. ಉಳಿದ ಕೆಂಪು ಬಟ್ಟೆಗಳನ್ನೂ ನಂಬಬೇಡಿ. ಬಿಳಿಯ ಚಿಂದಿಯೊಂದನ್ನು ಬಿಸಿನೀರಿನಲ್ಲಿ ಅದ್ದಿ, ಬಟ್ಟೆಯ ಮೇಲೆ ಅರ್ಧ ನಿಮಿಷ ಒತ್ತಿ ಉಜ್ಜಿದರೆ ಅದು ಬಣ್ಣ ಬಿಡುತ್ತದೆಯೇ ಇಲ್ಲವೇ ಎಂಬುದು ಗೊತ್ತಾಗುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ನಿಮ್ಮ ಪ್ರಶ್ನೆಗೆ ಈ ಮೊದಲು ಉತ್ತರಿಸಿದ ಇಬ್ಬರು ಬರೆದಿದ್ದಾರೆ. ಒಮ್ಮೆ ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ಬಿಡುವ ಬಣ್ಣವನ್ನು ಉಪ್ಪಾಗಲಿ ವಿನೆಗರ್ ಆಗಲಿ ಹಿಡಿದಿಡುವುದಿಲ್ಲ. ಬಿಡುವಷ್ಟು ಬಣ್ಣ ಬಿಟ್ಟು ಮುಗಿಯುವವರೆಗೆ ಒಗೆಯುವುದೊಂದೇ ದಾರಿ.

ಇನ್ನು ಅಳತೆ. ಮಗುವಿಗೆ 30 ಅಂಗುಲ ಅಗಲ, 40 ಅಂಗುಲ ಉದ್ದದ ಕೌದಿ ಸಾಕು. ಹಳೆಯ ಸೀರೆಯ ಅಂಚು ಬೇಗನೆ ಎಳೆ ಬಿಡುವುದರಿಂದ ಹೊಲಿಗೆಗೆ ಪ್ರತಿ ಬದಿಗೂ ಅರ್ಧ ಅಂಗುಲ ಬಿಡಬೇಕು. ಅಂದರೆ 6 ಅಂಗುಲದ ಚೌಕ ಕತ್ತರಿಸಿದರೆ ಹೊಲಿದ ಮೇಲೆ 5 ಅಂಗುಲ ಉಳಿಯುತ್ತದೆ, ಅಡ್ಡಕ್ಕೆ 6 ಮತ್ತು ಉದ್ದಕ್ಕೆ 8ರಂತೆ ಒಟ್ಟು 48 ಚೌಕಗಳು ಬೇಕಾಗುತ್ತವೆ. ನಡುವೆ ಒಂದು ಪದರ ಹಳೆಯ ಧೋತರ, ಅಡಿಗೆ ಇಡಿಯಾದ ನೂಲಿನ ಸೀರೆಯ ತುಂಡು. ನಡುವೆ ತುಂಬಲು ನೀವು ಕೊಳ್ಳಬೇಕೆಂದಿರುವ ಪಾಲಿಯೆಸ್ಟರ್ ಹತ್ತಿ ಬಾಗಲಕೋಟೆಯ ಸೆಕೆಗೆ ಸಲ್ಲದು. ಅಡಿಯ ಬಟ್ಟೆಯನ್ನೂ ನಡುವಿನ ಧೋತರವನ್ನೂ ಮೇಲ್ಪದರಕ್ಕಿಂತ ನಾಲ್ಕೂ ಕಡೆ ಎರಡೆರಡು ಅಂಗುಲ ದೊಡ್ಡದಾಗಿ ಕತ್ತರಿಸಿಕೊಳ್ಳಿ.

ನಿಮ್ಮ ತುಂಡು ಸುಕ್ಕುಗಟ್ಟಿದ್ದು ಇಲ್ಲಿಯೇ ಇರಬೇಕು. ಮೂರು ಪದರಗಳನ್ನು ಒಂದರ ಮೇಲೊಂದು ಇಟ್ಟು, ಅಂಚಿಗೆ ನಾಲ್ಕು ಗುಂಡುಪಿನ್ನು ಚುಚ್ಚಿ ನೇರವಾಗಿ ಯಂತ್ರದ ಕೆಳಗೆ ಕೊಟ್ಟೆ ಎಂದು ಬರೆದಿದ್ದೀರಿ. ಯಂತ್ರದ ಹಲ್ಲುಗಳು ಅಡಿಯ ಪದರವನ್ನು ಹಿಂದಕ್ಕೆ ಎಳೆಯುತ್ತಿರುವಾಗ ಮೇಲಿನ ಪಾದವು ಮೇಲ್ಪದರವನ್ನು ಒತ್ತಿ ತಡೆಯುತ್ತದೆ; ಹೊಲಿಗೆಯೊಂದಕ್ಕೆ ಕೂದಲೆಳೆಯಷ್ಟು ಹಿಂದೆಬಿದ್ದ ಬಟ್ಟೆಯು ಸಾಲಿನ ಕೊನೆಯಲ್ಲಿ ಬೆರಳಗಲದ ಮಡಿಕೆಯಾಗಿ ನಿಲ್ಲುತ್ತದೆ. ಆದಕಾರಣ ಕಚ್ಚಾ ಹೊಲಿಗೆಯನ್ನು ತಪ್ಪಿಸಬಾರದು. ಅಡಿಯ ಬಟ್ಟೆಯನ್ನು ಉಲ್ಟಾ ಮಾಡಿ ನೆಲಕ್ಕೆ ಹಾಸಿ, ಅಂಚುಗಳನ್ನು ಕಾಗದದ ಅಂಟುಪಟ್ಟಿಯಿಂದ ನೆಲಕ್ಕೆ ಹಿಡಿಸಿ, ಅದರ ಮೇಲೆ ಧೋತರ, ಅದರ ಮೇಲೆ ಚೌಕಗಳ ಪದರ ಹಾಕಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರುತ್ತ ಗಾಳಿ ತೆಗೆಯಿರಿ. ಬಳಿಕ ಬೇರೆ ಬಣ್ಣದ ದಾರದಿಂದ ನಡುವಿನಿಂದಲೇ ಹೊರಟು ನಾಲ್ಕು ದಿಕ್ಕಿಗೂ, ನಾಲ್ಕು ನಾಲ್ಕು ಅಂಗುಲ ಅಂತರದಲ್ಲಿ, ಉದ್ದುದ್ದ ಟಾಕು ಹಾಕಿ. ಒಂದು ಮಧ್ಯಾಹ್ನದ ಕೆಲಸವಿದು, ಮೊಣಕಾಲೂ ನೋಯುತ್ತದೆ, ಆದರೆ ಇದಾದ ಮೇಲೆ ಹೊಲಿಗೆಯ ಸಾಲು ತಾನಾಗಿಯೇ ಸಪಾಟಾಗಿ ಬೀಳುತ್ತದೆ. ಯಂತ್ರದಲ್ಲಿಯೇ ಹೊಲಿಯುವುದಾದರೆ 14ನೆಯ ನಂಬರಿನ ಹೊಸ ಸೂಜಿ ಹಾಕಿ, ಹೊಲಿಗೆಯ ಉದ್ದವನ್ನು 3ಕ್ಕೆ ಏರಿಸಿ, ಪಾದದ ಒತ್ತಡವನ್ನು ತುಸು ಸಡಿಲಿಸಿ. ನಡುವಿನ ಸಾಲನ್ನು ಮೊದಲು ಹೊಲಿದು ಹೊರಕ್ಕೆ ಸಾಗಿ.

ನನ್ನನ್ನು ಕೇಳಿದರೆ ಈ ಕೌದಿಯನ್ನು ಕೈಯಲ್ಲೇ ಹೊಲಿಯುವುದು ಮೇಲು. ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಮಹಿಳೆಯರು ಕವಂದಿ ಎಂಬ ತಮ್ಮ ಕೌದಿ ಹೊಲಿಯುವ ಕ್ರಮ ನಮ್ಮದಕ್ಕೆ ತದ್ವಿರುದ್ಧ. ಅವರು ಚೌಕಗಳನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಅಡಿಯ ಬಟ್ಟೆಯ ಒಂದು ಮೂಲೆಯಿಂದ ಹೊರಟು, ಕೈಗೆ ಸಿಕ್ಕ ತುಂಡಿನ ಅಂಚನ್ನು ಒಳಕ್ಕೆ ಮಡಿಸಿ ಓಟದ ಹೊಲಿಗೆ ಹಾಕುತ್ತ, ಅಂಚಿನಗುಂಟ ಸುತ್ತು ಬರುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಹೊರಗಿನಿಂದ ಒಳಕ್ಕೆ ಬಂದರೂ ಅದು ಸುಕ್ಕುಗಟ್ಟದಿರಲು ಕಾರಣವಿದೆ: ಮೇಲ್ಪದರವು ಹೊಲಿಯುತ್ತ ಹೊಲಿಯುತ್ತಲೇ ಬೆಳೆಯುವುದರಿಂದ, ಸಡಿಲವಾಗಿ ಉಳಿದ ಬಟ್ಟೆಯನ್ನು ಮುಂದಿನ ತುಂಡಿನ ಮಡಿಕೆಯು ನುಂಗಿಬಿಡುತ್ತದೆ. ನಾಲ್ಕು ಮೂಲೆಗಳಲ್ಲಿ ಮಡಿಸಿದ ತ್ರಿಕೋನದ ತುಂಡುಗಳನ್ನಿಟ್ಟು ಮುಗಿಸುತ್ತಾರೆ, ಅವಕ್ಕೆ ಫೂಲ ಎನ್ನುತ್ತಾರೆ, ಅವಿಲ್ಲದ ಕವಂದಿ ಅವರ ಕಣ್ಣಿಗೆ ಬೋಳು. ನೀವು ಯಾವ ಕ್ರಮ ಹಿಡಿದರೂ ದಾರವನ್ನು ಒಂದು ಮೊಳಕ್ಕಿಂತ ಉದ್ದ ತೆಗೆದುಕೊಳ್ಳಬೇಡಿ, ಅದು ಗಂಟಾಗುತ್ತದೆ. ಸಾಲುಗಳ ನಡುವೆ ಒಂದು ಬೆರಳಿನ ಅಂತರವಿರಲಿ. ದಿನಕ್ಕೆ ಒಂದು ಗಂಟೆ ಕುಳಿತರೂ ಮೂರು ವಾರಗಳಲ್ಲಿ ಈ ಅಳತೆಯದು ಮುಗಿಯುತ್ತದೆ. ಕೊನೆಗೆ ಇಳಕಲ್ಲಿನ ದಡಿಯನ್ನು ಎರಡೂವರೆ ಅಂಗುಲ ಅಗಲಕ್ಕೆ ಕತ್ತರಿಸಿ ಸುತ್ತಲೂ ಮಡಿಸಿ ಹೊಲಿದರೆ ಅಂಚು ಗಟ್ಟಿಯಾಗುತ್ತದೆ.

ಮಗುವಿನ ಹೆಸರನ್ನು ಮೂಲೆಯಲ್ಲಿ ಹೊಲಿಯಬೇಕೆಂದಿದ್ದೀರಿ; ತೊಟ್ಟಿಲಿಗೆ ಹಾಕುವವರೆಗೆ ಹೆಸರೇ ಇಲ್ಲವಲ್ಲ! ಅದರ ಬದಲು ಕಸೂತಿಯ ಚಿಕ್ಕ ಗೋಪುರವೊಂದನ್ನು ಗವಂತಿ ಹೊಲಿಗೆಯಲ್ಲಿ ಹಾಕಿರಿ. ಗವಂತಿಯಲ್ಲಿ ಸೂಜಿಯು ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಎಡೆಗಳನ್ನು ತುಂಬುವುದರಿಂದ ಎರಡೂ ಬದಿಗೂ ಒಂದೇ ರೂಪ ಕಾಣುತ್ತದೆ, ಗಂಟು ಹಾಕುವ ಪದ್ಧತಿಯೂ ಇಲ್ಲವಾದ್ದರಿಂದ ಕೂಸಿನ ಮೈಗೆ ಒತ್ತುವುದಿಲ್ಲ. ಕನ್ನಡಿ, ಮಣಿ, ಗುಂಡಿಗಳನ್ನು ಮಾತ್ರ ಎಲ್ಲಿಯೂ ಹಚ್ಚಬೇಡಿ. ಕಿತ್ತು ಬಂದರೆ ನೇರ ಬಾಯಿಗೇ ಹೋಗುತ್ತವೆ.

ಇನ್ನೊಂದು ಮಾತನ್ನು ಉಡುಗೊರೆ ಕೊಡುವಾಗ ಬಾಣಂತಿಗೂ ಅವಳ ತಾಯಿಗೂ ಹೇಳಿರಿ. ಒಂದು ವರ್ಷ ತುಂಬದ ಮಗು ಮಲಗಿರುವಾಗ ಸಡಿಲವಾದ ಹೊದಿಕೆ, ದಿಂಬುಗಳು ಹತ್ತಿರ ಇರಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ, ಮುಖದ ಮೇಲೆ ಸರಿದರೆ ಉಸಿರು ಕಟ್ಟುತ್ತದೆ. ಆದುದರಿಂದ ಮಗು ಎಚ್ಚರವಿದ್ದಾಗ ನೆಲದ ಮೇಲೆ ಹಾಸಿ ಆಡಿಸುವುದಕ್ಕೆ, ತೊಡೆಯ ಮೇಲೆ ಮಲಗಿಸಿಕೊಳ್ಳುವುದಕ್ಕೆ ಎಂದೇ ಈ ಕೌದಿಯನ್ನು ಕೊಡಿ. ವರ್ಷ ಕಳೆದ ಮೇಲೆ ಹೊದೆಯಲಿ. ಸಾಸಿವೆ ತುಂಬಿದ ದಿಂಬನ್ನೂ ಮಾಡುತ್ತೇನೆಂದು ಬರೆದಿದ್ದೀರಿ, ಇದೇ ಕಾರಣಕ್ಕೆ ಅದನ್ನು ಕೈಬಿಡಿ. ಅದರ ಬದಲಿಗೆ ಗುಳೇದಗುಡ್ಡದ ಖಣದಲ್ಲಿ ಒಂದು ಕುಲಾವಿ ಹೊಲಿಯಿರಿ. ಮೂರು ತಿಂಗಳ ಮಗುವಿನ ತಲೆಯ ಸುತ್ತಳತೆ ಸುಮಾರು 40 ಸೆಂಟಿಮೀಟರ್ ಇರುತ್ತದೆ, ನೀವು 43ಕ್ಕೆ ಹೊಲಿದರೆ ಒಂದಷ್ಟು ತಿಂಗಳು ಬರುತ್ತದೆ. ಖಣದ ಒಳಮೈಯಲ್ಲಿ ಎಳೆಗಳು ತೇಲಿಕೊಂಡಿದ್ದು ಕೂಸಿನ ಬೆರಳಿಗೆ ಸಿಕ್ಕುತ್ತವೆ, ಸೆಕೆಯೂ ಆಗುತ್ತದೆ. ಹಳೆಯ ಮೆತ್ತನೆಯ ನೂಲುಬಟ್ಟೆಯ ಅಸ್ತರು ಕೊಡಲೇಬೇಕು. ಕಟ್ಟುವ ಲಾಡಿ ಗಿಡ್ಡವಾಗಿರಲಿ, ಮಲಗಿಸುವಾಗ ಕುಲಾವಿ ಬಿಚ್ಚಿಡಲಿ.

ಈಗ ನಾನಖಟಾಯಿ. ನೀವು ಬರೆದ ಅಳತೆಯಲ್ಲಿ ತುಪ್ಪವನ್ನು ಕರಗಿಸಿ ಹಾಕಿದ್ದೀರಿ, ಸಕ್ಕರೆಯನ್ನು ಪುಡಿ ಮಾಡಿಲ್ಲ, ಅಡುಗೆ ಸೋಡಾ ಒಂದು ಚಿಕ್ಕ ಚಮಚ ಪೂರ್ತಿ ಸುರಿದಿದ್ದೀರಿ. ಈ ಮೂರೂ ಬಿಸ್ಕತ್ತನ್ನು ಹರಡಿಸುವ ಕೆಲಸವನ್ನೇ ಮಾಡುತ್ತವೆ. ನಾನು ಮಾಡುವುದು ಹೀಗೆ: 120 ಗ್ರಾಂ ಮೈದಾ, 40 ಗ್ರಾಂ ಕಡಲೆಹಿಟ್ಟು, 80 ಗ್ರಾಂ ಪುಡಿ ಸಕ್ಕರೆ, 90 ಗ್ರಾಂ ಗಟ್ಟಿ ತುಪ್ಪ, ಎರಡು ಚಿಟಿಕೆ ಸೋಡಾ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿಯ ಪುಡಿ. ಗಟ್ಟಿ ತುಪ್ಪಕ್ಕೆ ಸಕ್ಕರೆ ಸೇರಿಸಿ ಅಗಲವಾದ ತಾಟಿನಲ್ಲಿ ಅಂಗೈಯಿಂದ ಉಜ್ಜುತ್ತ ಹೋದರೆ ಐದಾರು ನಿಮಿಷಗಳಲ್ಲಿ ಅದು ಬೆಳ್ಳಗಾಗಿ, ಉಬ್ಬಿ, ಬೆರಳಿಗೆ ಬೆಣ್ಣೆಯಂತೆ ಹತ್ತಿಕೊಳ್ಳುತ್ತದೆ. ಅಲ್ಲಿಯವರೆಗೆ ಹಿಟ್ಟು ಬೀಳಬಾರದು. ಹಿಟ್ಟುಗಳನ್ನು ಜರಡಿ ಹಿಡಿದು ಸೇರಿಸಿ, ನಾದದೆ, ಬರಿದೇ ಒಟ್ಟುಗೂಡಿಸಿ. ನೀರು ಹಾಲು ಸೋಕಿಸಬೇಡಿ, ಉದುರುತ್ತಿದ್ದರೆ ಒಂದು ಚಿಕ್ಕ ಚಮಚ ತುಪ್ಪ ಸಾಕು. 15 ಗ್ರಾಮಿನ ಉಂಡೆ ಮಾಡಿದರೆ 21-22 ಆಗುತ್ತವೆ. ಬೇಸಿಗೆಯಾದರೆ ಅವನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ನೇರವಾಗಿ ಬಿಸಿಗೆ ಕೊಡಿ. ಮೊದಲು ಒಂದನ್ನೇ ಇಟ್ಟು ನೋಡಿ. ಹರಡಿದರೆ ಉಳಿದ ಹಿಟ್ಟಿಗೆ ಎರಡು ಚಮಚ ಮೈದಾ ಸೇರಿಸಲು ಅವಕಾಶವಿರುತ್ತದೆ.

ನೀರಿಲ್ಲದ ಕುಕ್ಕರಿನೊಳಗೆ ಒಣ ಉಪ್ಪು ಹರವಿ ಕಾಯಿಸುವುದು ಕುಕ್ಕರಿಗೆ ಒಳ್ಳೆಯದಲ್ಲ, ಮುಂದೆ ಅದರಲ್ಲಿ ಒತ್ತಡದ ಅಡುಗೆಯನ್ನೂ ಮಾಡಬೇಕಲ್ಲವೇ. ದಪ್ಪ ತಳದ ಹಳೆಯ ಪಾತ್ರೆಗೆ ಒಂದೂವರೆ ಕಪ್ ಉಪ್ಪು ಹರವಿ, ಎತ್ತರದ ಸ್ಟ್ಯಾಂಡ್ ಇಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ, ನಡುಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ತಟ್ಟೆ ಇಟ್ಟ ಮೇಲೆ ಉರಿ ಸಣ್ಣಗೆ ಮಾಡಿರಿ. ತಟ್ಟೆಯು ಉಪ್ಪಿಗೆ ಹತ್ತಿರವಿದ್ದುದರಿಂದಲೇ ನಿಮ್ಮ ತಳ ಸೀದಿದೆ. ಇಲ್ಲಿ ಬಿಸಿ ಕೆಳಗಿನಿಂದ ಮಾತ್ರ ಬರುವುದರಿಂದ ಮೇಲ್ಮೈ ಕೆಂಪಾಗುವುದೇ ಇಲ್ಲ. ಬಣ್ಣಕ್ಕಾಗಿ ಕಾಯುತ್ತ ಕುಳಿತವರೆಲ್ಲ ತಳ ಸುಟ್ಟಿದ್ದಾರೆ. ಸುಮಾರು 20 ನಿಮಿಷಕ್ಕೆ ಮೇಲೆ ಬಿರುಕು ಬಿಟ್ಟು, ಅಂಚಿನ ತಳ ತಿಳಿ ಹೊಂಬಣ್ಣಕ್ಕೆ ಬಂದಾಗ ತೆಗೆಯಿರಿ. ಆಗ ಮೆತ್ತಗೇ ಇರುತ್ತವೆ, ಆರಿದ ಮೇಲೆ ಗರಿಯಾಗುತ್ತವೆ. ಬಿಸಿಯಲ್ಲಿ ಎತ್ತಲು ಹೋದರೆ ಪುಡಿ. ಯಾರದಾದರೂ ಓವನ್ ಸಿಕ್ಕರೆ 160 ಡಿಗ್ರಿಯಲ್ಲಿ 16ರಿಂದ 18 ನಿಮಿಷ ಸಾಕು.

ಆದರೆ ಪುಣೆಯಿಂದ ಬಾಗಲಕೋಟೆಯವರೆಗೆ ರಾತ್ರಿಯ ಬಸ್ಸಿನಲ್ಲಿ ನಾನಖಟಾಯಿ ಒಯ್ದು ಇಡಿಯಾಗಿ ಇಳಿಸುವ ಧೈರ್ಯ ನನಗಿಲ್ಲ. ಮನೆಯವರಿಗೆ ಅದನ್ನು ಮಾಡಿ. ಪ್ರಯಾಣಕ್ಕೆ ಬೇಕರಿಯ ಖಾರಾ ಬಿಸ್ಕತ್ತಿನಂಥದ್ದೇ ಸರಿ. 200 ಗ್ರಾಂ ಮೈದಾಕ್ಕೆ 100 ಗ್ರಾಂ ತಣ್ಣನೆಯ ಬೆಣ್ಣೆ ಉಜ್ಜಿ, ಒಂದು ಚಿಕ್ಕ ಚಮಚ ಸಕ್ಕರೆ, ಮುಕ್ಕಾಲು ಚಮಚ ಉಪ್ಪು, ಅರ್ಧ ಚಮಚ ಬೇಕಿಂಗ್ ಪೌಡರ್, ಸಣ್ಣಗೆ ಹೆಚ್ಚಿದ ಮೂರು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೇರಿಸಿ, ಎರಡು ಮೂರು ದೊಡ್ಡ ಚಮಚ ಮೊಸರಿನಲ್ಲಿ ಕಲಸಿ, ಕಾಲು ಅಂಗುಲ ದಪ್ಪ ಲಟ್ಟಿಸಿ ಕತ್ತರಿಸಿ. ಸೊಪ್ಪನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಿರಬೇಕು, ತೇವ ಉಳಿದರೆ ಮೂರನೆಯ ದಿನಕ್ಕೇ ಮೆತ್ತಗಾಗುತ್ತದೆ. ಇದಕ್ಕೆ ನಾನಖಟಾಯಿಗಿಂತ ಐದಾರು ನಿಮಿಷ ಹೆಚ್ಚು ಬೇಕು. ಹೊರಡುವ ಹಿಂದಿನ ದಿನ ಮಾಡಿ, ಪೂರ್ತಿ ಆರಿಸಿ, ಅಲುಗಾಡದಂತೆ ಡಬ್ಬಿಯ ತುಂಬ ಜೋಡಿಸಿ ಪದರಗಳ ನಡುವೆ ಬೆಣ್ಣೆಕಾಗದ ಇಡಿ. ಕೌದಿಯನ್ನು ಆ ಹೊತ್ತಿಗೆ ಒಂದು ಸಲ ಒಗೆದು ಒಣಗಿಸಿಟ್ಟಿರಬೇಕು, ಅದರ ಗಂಟೂ ಬಿಸ್ಕತ್ತಿನ ಡಬ್ಬಿಯೂ ಬೇರೆ ಬೇರೆ ಚೀಲದಲ್ಲಿರಲಿ. ಬೆಣ್ಣೆಯ ಜಿಡ್ಡು ನೂಲಿಗೆ ಹತ್ತಿದರೆ ತೊಟ್ಟಿಲ ಕೋಣೆಗೆ ಇರುವೆಗಳು ನಿಮಗಿಂತ ಮೊದಲೇ ತಲುಪುತ್ತವೆ.