ಗಿಳಿಗೆ ಆಸ್ಪರ್ಜಿಲೋಸಿಸ್ ಇದ್ದರೆ ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು?

ತಿಂಗಳುಗಟ್ಟಲೆ ಔಷಧಿ ಕೊಟ್ಟರೂ ಗಿಳಿಯ ಆಸ್ಪರ್ಜಿಲೋಸಿಸ್ ವಾಸಿಯಾಗುತ್ತಿಲ್ಲ ಎಂದು ಕೇಳಿದ್ದೀರಿ. ಇದು ಗಾಳಿಯಲ್ಲಿನ ಬೂಸ್ಟಿನ ಕಣ ಉಸಿರಿನ ಜೊತೆ ಒಳಹೋಗಿ ಬರುವ ಶಿಲೀಂಧ್ರದ ಕಾಯಿಲೆ. ಎದೆಗುಂದಬೇಡಿ, ಈ ಕಾಯಿಲೆಯೇ ಹಾಗೆ. ಹಕ್ಕಿಯ ಗಾಳಿಚೀಲಗಳಲ್ಲಿ (ಶ್ವಾಸಕೋಶಕ್ಕೆ ಹೊಂದಿಕೊಂಡಿರುವ ತೆಳು ಚೀಲಗಳು) ರಕ್ತದ ಓಡಾಟ ತೀರಾ ಕಡಿಮೆ. ಶಿಲೀಂಧ್ರ ಅಲ್ಲಿ ಗಂಟು ಕಟ್ಟಿದರೆ ಔಷಧಿ ಸರಿಯಾಗಿ ತಲುಪುವುದಿಲ್ಲ. ಅದಕ್ಕೇ ಬಾಯಿಗೆ ಹಾಕುವ ಔಷಧಿಯ ಜೊತೆ ನೆಬ್ಯುಲೈಜರ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನ ಮೂಲಕ ಕೊಡುವ ಯಂತ್ರ) ಕೂಡ ಬಳಸುತ್ತಾರೆ. ಸ್ವಲ್ಪ ಗೆಲುವಾಯ್ತು ಅಂತ ನೀವಾಗೇ ನಿಲ್ಲಿಸಬೇಡಿ. ನಿಮ್ಮದು ಆಫ್ರಿಕನ್ ಗ್ರೇ ಜಾತಿಯ ಗಿಳಿ ಆದರೆ ಇಟ್ರಾಕೊನಜೋಲ್ ಎಂಬ ಶಿಲೀಂಧ್ರದ ಔಷಧಿ ಅದಕ್ಕೆ ವಿಷವಾಗಬಹುದು, ವೈದ್ಯರ ಹತ್ತಿರ ಈ ಮಾತು ಎತ್ತಿ.

ದಿನಾ ಬೆಳಗ್ಗೆ, ತಿನ್ನುವ ಮೊದಲು, ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಪುಕ್ಕದಡಿ ಹಕ್ಕಿ ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ ಅಲ್ವಾ? ಸುಮ್ನೆ ಕೂತಾಗಲೂ ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡಿದರೆ, ದನಿ ಬದಲಾದರೆ, ಬಾಯಿ ತೆರೆದು ಉಸಿರಾಡಿದರೆ ಅವತ್ತೇ ವೈದ್ಯರಿಗೆ ತೋರಿಸಿ.

ಪಂಜರದ ತಳಕ್ಕೆ ಮರದ ಹೊಟ್ಟು, ಜೋಳದ ದಿಂಡಿನ ಪುಡಿ ಬೇಡ. ಕಾಗದ ಹಾಸಿ, ದಿನಾ ಬದಲಿಸಿ. ಸಿಪ್ಪೆ ಸಮೇತ ಕಡಲೆಕಾಯಿ ಕೊಡಬೇಡಿ, ಒಳಗೆ ಬೂಸ್ಟು ಇದ್ದರೂ ಗೊತ್ತಾಗುವುದಿಲ್ಲ. ಬರೀ ಬೀಜ ತಿನ್ನುವ ಗಿಳಿಗೆ ವಿಟಮಿನ್ ಎ ಸಾಲದೆ ಉಸಿರುದಾರಿಯ ಒಳಪೊರೆ ಕೆಡುತ್ತದೆ. ಕ್ಯಾರೆಟ್, ಸೊಪ್ಪು ನಿಧಾನವಾಗಿ ಅಭ್ಯಾಸ ಮಾಡಿಸಿ. ಮನೆಯಲ್ಲಿ ಇನ್ನೊಂದು ಗಿಳಿಯಿದ್ದರೆ ಇದರಿಂದ ಅದಕ್ಕೆ ಅಂಟುವುದಿಲ್ಲ. ಆದರೆ ಇಬ್ಬರೂ ಉಸಿರಾಡುವುದು ಒಂದೇ ಗಾಳಿ, ಹಾಗಾಗಿ ಕೋಣೆಯ ಕಿಟಕಿ, ತೇವದ ಗೋಡೆ ಕಡೆಗೂ ಗಮನ ಕೊಡಿ.