ಪರದೆ ಬದಲಾಗುವಾಗ ಆ್ಯಪ್ ಯಾಕೆ ತಡವರಿಸುತ್ತದೆ?

ಪ್ರಶ್ನೆ: ಗೋಕರ್ಣದ ಹೋಮ್‌ಸ್ಟೇಗಳಿಗೆ ಫ್ಲಟರ್‌ನಲ್ಲಿ (ಆ್ಯಪ್ ಕಟ್ಟುವ ಒಂದು ಸಲಕರಣೆ) ಆ್ಯಪ್ ಮಾಡುತ್ತಿದ್ದೇನೆ. ಪಟ್ಟಿಯ ಫೋಟೊ ಒತ್ತಿದರೆ ಅದೇ ಫೋಟೊ ದೊಡ್ಡದಾಗುತ್ತಾ ಮುಂದಿನ ಪರದೆಗೆ ಹಾರಬೇಕು ಅಂತ ಹೀರೋ ವಿಜೆಟ್ ಹಾಕಿದೆ. ಆದರೆ ಹಾರುವುದು ಖಾಲಿ ಚೌಕ, ಫೋಟೊ ಆಮೇಲೆ ಬರುತ್ತದೆ. ಹಾರುವ ಅವಧಿ ಹೆಚ್ಚಿಸಿದರೆ ಸರಿಹೋಗುತ್ತಾ?
- ಓದುಗರು, ಕುಮಟಾ

ಉತ್ತರ: ಅವಧಿ ಮುಟ್ಟಬೇಡಿ. ಹೆಚ್ಚಿಸಿದರೆ ಆ ಖಾಲಿ ಚೌಕ ಇನ್ನೂ ಜಾಸ್ತಿ ಹೊತ್ತು ಕಾಣುತ್ತದೆ, ಅಷ್ಟೇ. ಮುಂದಿನ ಪರದೆಗೆ ಹೋಗುವಾಗ ಹೀರೋ ಹಾರಿಸುವುದು ಪಟ್ಟಿಯಲ್ಲಿದ್ದ ಫೋಟೊವನ್ನಲ್ಲ, ತಲುಪುವ ಪರದೆಯಲ್ಲಿರುವ ಫೋಟೊವನ್ನು. ಅದು ಇನ್ನೂ ಡಿಕೋಡ್ ಆಗಿಲ್ಲ, ಅಂದರೆ ಫೈಲಿನಿಂದ ಚಿತ್ರವಾಗಿ ಬಿಚ್ಚಿಕೊಂಡಿಲ್ಲ, ಹಾಗಾಗಿ ಬರೀ ಜಾಗ ಹಾರುತ್ತದೆ. ಎರಡೂ ಕಡೆ ಫೋಟೊದ ಕೊಂಡಿ ಒಂದೇ ತಾನೇ ಅಂತ ನೀವು ಕೇಳಬಹುದು. ಪಟ್ಟಿಯಲ್ಲಿ ಕ್ಯಾಶ್‌ವಿಡ್ತ್ (ಫೋಟೊವನ್ನು ಎಷ್ಟು ಅಗಲಕ್ಕೆ ಬಿಚ್ಚಬೇಕು ಅನ್ನುವ ಸಂಖ್ಯೆ) ಕೊಟ್ಟು ಫೋಟೊ ಚಿಕ್ಕದು ಮಾಡಿದ್ದರೆ, ಚಿಕ್ಕದು ಒಂದು ಫೋಟೊ, ದೊಡ್ಡದು ಇನ್ನೊಂದು ಅಂತಲೇ ಫ್ಲಟರ್ ಲೆಕ್ಕ ಇಡುತ್ತದೆ.

ಹಾಗಂತ ಕ್ಯಾಶ್‌ವಿಡ್ತ್ ತೆಗೆಯಬೇಡಿ. ಮೊಬೈಲಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೊ ಅಂದರೆ 4000ಕ್ಕೆ 3000 ಚುಕ್ಕಿ, ಒಂದೊಂದು ಚುಕ್ಕಿಗೆ 4 ಬೈಟ್. ಫೈಲು ಮೂರ್ನಾಲ್ಕು ಎಂಬಿ ಇದ್ದರೂ ಬಿಚ್ಚಿದಾಗ 48 ಎಂಬಿ ಮೆಮರಿ ತಿನ್ನುತ್ತದೆ. ಫ್ಲಟರ್ ಚಿತ್ರಗಳಿಗೆ ಇಟ್ಟುಕೊಳ್ಳುವ ಜಾಗ ಸುಮಾರು 100 ಎಂಬಿ. ಕುಡ್ಲೆ ಬೀಚಿನ ಎರಡು ಫೋಟೊಗೇ ಅದು ತುಂಬಿಹೋಗುತ್ತದೆ!

ಹೀಗೆ ಮಾಡಿ: ಹಾರುವಾಗ ಏನು ಕಾಣಬೇಕು ಅಂತ ಹೀರೋಗೆ ಹೇಳುವ ಫ್ಲೈಟ್‌ಶಟಲ್‌ಬಿಲ್ಡರ್ ಬಳಸಿ, ಮುಂದೆ ಹೋಗುವಾಗ ಪಟ್ಟಿಯ ಚಿಕ್ಕ ಫೋಟೊವನ್ನೇ ಹಾರಿಸಿ. ಮುಂದಿನ ಪರದೆಯಲ್ಲೂ ಅದೇ ಚಿಕ್ಕ ಫೋಟೊ ಕೆಳಗಿರಲಿ, ದೊಡ್ಡದು ಸಿದ್ಧವಾದ ಮೇಲೆ ಅದರ ಮೇಲೆ ಮೆಲ್ಲಗೆ ಮೂಡಲಿ. ಚಿಕ್ಕದು ಹಿಗ್ಗಿ ಸ್ವಲ್ಪ ಮಸುಕಾಗುತ್ತದೆ, ನಿಜ. ಆದರೆ ಓಡುವ ಚಿತ್ರದ ಮಸುಕು ಯಾರ ಕಣ್ಣಿಗೂ ಬೀಳುವುದಿಲ್ಲ, ಖಾಲಿ ಚೌಕ ಎಲ್ಲರ ಕಣ್ಣಿಗೂ ಬೀಳುತ್ತದೆ.

ಪ್ರಶ್ನೆ: ಅಡಿಕೆ ದರ ತೋರಿಸುವ ರಿಯಾಕ್ಟ್ ನೇಟಿವ್ (ಜಾವಾಸ್ಕ್ರಿಪ್ಟ್‌ನಲ್ಲಿ ಆ್ಯಪ್ ಬರೆಯುವ ಸಲಕರಣೆ) ಆ್ಯಪ್ ನಮ್ಮದು. ಚಾಲಿ, ರಾಶಿ, ಬೆಟ್ಟೆ ಹೀಗೆ ಒಂದನ್ನು ಒತ್ತಿದರೆ ವರ್ಷದ ದರದ ಚಾರ್ಟ್ ಬರುತ್ತದೆ. ಒತ್ತಿದ ಮೇಲೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಪರದೆ ಜಗ್ಗುತ್ತಾ ಸರಿಯುತ್ತದೆ.
- ಓದುಗರು, ಶಿರಸಿ

ಉತ್ತರ: ಸರ್ವರ್‌ನಿಂದ ಉತ್ತರ ಬಂದ ಮೇಲೆ ಪರದೆ ಬದಲಿಸುತ್ತಿದ್ದೀರಿ ಅನಿಸುತ್ತದೆ. ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ಸಿಗದೆ ಕೂತವರು ನಿಮ್ಮ ಆ್ಯಪ್ ಕೆಟ್ಟಿದೆ ಅಂದುಕೊಂಡು ಮತ್ತೆ ಮತ್ತೆ ಒತ್ತುತ್ತಾರೆ. ಒತ್ತಿದ ಕೂಡಲೇ ಪರದೆ ಸರಿಯಲಿ. ಚಾಲಿ ಅನ್ನೋ ಹೆಸರು, ಇವತ್ತಿನ ದರ ಎರಡೂ ಪಟ್ಟಿಯಲ್ಲೇ ಇವೆ ಅಲ್ವಾ? ಅವನ್ನೇ ಜೊತೆಗೆ ಕಳಿಸಿ, ಹೊಸ ಪರದೆಯ ತಲೆಗೆ ಹಾಕಿ. ಚಾರ್ಟಿನ ಜಾಗವನ್ನು ಅಷ್ಟೇ ಎತ್ತರದಲ್ಲಿ ಖಾಲಿ ಬಿಡಿ, ಇಲ್ಲದಿದ್ದರೆ ಡೇಟಾ ಬಂದಾಗ ಕೆಳಗಿನದೆಲ್ಲ ಜಿಗಿಯುತ್ತದೆ.

ಇನ್ನು ಜಗ್ಗುವ ವಿಷಯ. 60 ಹರ್ಟ್ಸ್ ಪರದೆಯಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆಯಲ್ಲಿ, ಒಂದು ಫ್ರೇಮ್‌ಗೆ (ಒಂದು ಚಿತ್ರಕ್ಕೆ) ಸಿಗುವುದು ಸುಮಾರು 16.7 ಮಿಲಿಸೆಕೆಂಡ್. 300 ಮಿಲಿಸೆಕೆಂಡಿನ ಚಲನೆ ಅಂದರೆ ಬರೀ 18 ಫ್ರೇಮ್, ಅದರಲ್ಲಿ ಮೂರ್ನಾಲ್ಕು ತಪ್ಪಿದರೂ ಕಣ್ಣಿಗೆ ಗೊತ್ತಾಗುತ್ತದೆ. ನೀವು ಅದೇ ಹೊತ್ತಿಗೆ ವರ್ಷದ ದರವನ್ನೆಲ್ಲ ಬಿಡಿಸಿ ಚಾರ್ಟ್ ಕಟ್ಟುತ್ತಿದ್ದೀರಿ. ಪರದೆ ಬದಲಿಸುವ ಲೈಬ್ರರಿಯಾದ ರಿಯಾಕ್ಟ್ ನ್ಯಾವಿಗೇಷನ್‌ನ ನೇಟಿವ್ ಸ್ಟ್ಯಾಕ್ ಬಳಸಿ, ಆಗ ಪರದೆ ಸರಿಸುವ ಕೆಲಸವನ್ನು ಫೋನಿನ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಅದರ ಕಾಲಿಗೆ ಅಡ್ಡ ಬರುವುದು ಕಡಿಮೆ. ಚಾರ್ಟ್ ಮಾತ್ರ ಟ್ರಾನ್ಸಿಷನ್‌ಎಂಡ್ (ಪರದೆ ಸರಿದು ಮುಗಿಯಿತು ಅನ್ನುವ ಸೂಚನೆ) ಬಂದ ಮೇಲೆ ಬಿಡಿಸಿ. ನೀವೇ ಬರೆದ ಅನಿಮೇಷನ್‌ಗಳಿದ್ದರೆ ಅವುಗಳ ಕೆಲಸವನ್ನೂ ಫೋನಿನ ವ್ಯವಸ್ಥೆಗೇ ಬಿಡುವ ಯೂಸ್‌ನೇಟಿವ್‌ಡ್ರೈವರ್ ಆನ್ ಮಾಡಿ. ಅದು ಟ್ರಾನ್ಸ್‌ಫಾರ್ಮ್ (ಸರಿಸುವುದು, ತಿರುಗಿಸುವುದು), ಒಪಾಸಿಟಿ (ಪಾರದರ್ಶಕತೆ) ಇವುಗಳಿಗೆ ನಡೆಯುತ್ತದೆ, ಅಗಲ ಎತ್ತರಕ್ಕೆ ನಡೆಯುವುದಿಲ್ಲ.

ಪ್ರಶ್ನೆ: ಬೈತಖೋಲ ಬಂದರಿನ ಮೀನುಗಾರರಿಗೆ ಫ್ಲಟರ್ ಆ್ಯಪ್ ಮಾಡಿದ್ದೇವೆ. ನನ್ನ ದುಬಾರಿ ಫೋನಲ್ಲೂ ಪರದೆ ತಡವರಿಸುತ್ತದೆ. ಫ್ಲಟರ್ ಬಿಡಬೇಕಾ?
- ಓದುಗರು, ಕಾರವಾರ

ಉತ್ತರ: ಮೊದಲು ಯಾವ ಮೋಡ್‌ನಲ್ಲಿ ಓಡಿಸಿದ್ದೀರಿ ನೋಡಿ. ಡೀಬಗ್ ಮೋಡ್ (ಆ್ಯಪ್ ಬರೆಯುವಾಗ ತಪ್ಪು ಹುಡುಕಲು ಇರುವುದು) ನಿಧಾನವೇ, ಅದನ್ನು ನೋಡಿ ತೀರ್ಮಾನ ಬೇಡ. ವೇಗ ಅಳೆಯಲೆಂದೇ ಇರುವ ಪ್ರೊಫೈಲ್ ಮೋಡ್‌ನಲ್ಲಿ ಓಡಿಸಿ ಡೆವ್‌ಟೂಲ್ಸ್ (ಫ್ಲಟರ್‌ನ ತಪಾಸಣೆ ಸಲಕರಣೆ) ತೆರೆಯಿರಿ, ಯಾವ ಫ್ರೇಮ್ ತಡವಾಯಿತು ಅಂತ ಕೆಂಪಾಗಿ ತೋರಿಸುತ್ತದೆ. ನಿಮ್ಮ ಫೋನು 120 ಹರ್ಟ್ಸ್ ಇದ್ದರೆ ಫ್ರೇಮ್‌ಗೆ 8.3 ಮಿಲಿಸೆಕೆಂಡ್ ಮಾತ್ರ ಸಿಗುತ್ತದೆ, ದುಬಾರಿ ಫೋನಲ್ಲೂ ತಡವರಿಸಲು ಅದೂ ಕಾರಣವಿರಬಹುದು. ಮೊದಲ ಸಲ ಮಾತ್ರ ಜಗ್ಗಿ ಆಮೇಲೆ ಸರಿಯಾಗುತ್ತದೆ ಅಂದರೆ ಹಳೇ ಶೇಡರ್ ತೊಂದರೆ: ಚಿತ್ರ ಬಿಡಿಸುವ ಶೇಡರ್ ಎಂಬ ಚಿಕ್ಕ ಪ್ರೋಗ್ರಾಂಗಳು ಮೊದಲ ಸಲ ಸಿದ್ಧವಾಗಲು ಹೊತ್ತು ಹಿಡಿಯುತ್ತದೆ. ಅದಕ್ಕೆಂದೇ ಫ್ಲಟರ್‌ಗೆ ಇಂಪೆಲ್ಲರ್ ಎಂಬ ಹೊಸ ಚಿತ್ರ ಬಿಡಿಸುವ ಎಂಜಿನ್ ಬಂತು: ಐಫೋನ್‌ಗೆ 2023ರ ಫ್ಲಟರ್ 3.10ರಲ್ಲಿ, ಆಂಡ್ರಾಯ್ಡ್ 10 ಮತ್ತು ನಂತರದ ಫೋನ್‌ಗಳಿಗೆ 2024ರ 3.27ರಲ್ಲಿ. ಹಳೇ ಫೋನ್‌ಗಳಿಗೆ ಹಳೇ ದಾರಿಯೇ. ಬಂದರಿನಲ್ಲಿ ಜನ ನಿಜವಾಗಿ ಹಿಡಿದಿರುವಂಥ ಫೋನೊಂದನ್ನು ಕೊಂಡು ಮೇಜಿನ ಮೇಲಿಡಿ, ಎಲ್ಲ ಪರೀಕ್ಷೆ ಅದರಲ್ಲೇ ನಡೆಯಲಿ.

ಪ್ರಶ್ನೆ: ಪರದೆ ಸರಿದಾಡಿದರೆ ನನ್ನ ತಾಯಿಗೆ ತಲೆ ಸುತ್ತುತ್ತದೆ. ಏನಾದರೂ ದಾರಿ ಇದೆಯಾ?
- ಓದುಗರು, ಅಂಕೋಲಾ

ಉತ್ತರ: ಇದೆ. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಚಲನೆ ಕಡಿಮೆ ಮಾಡುವ ಆಯ್ಕೆ ಆನ್ ಮಾಡಿಕೊಡಿ. ಮೇಲಿನ ಮೂವರೂ ತಮ್ಮ ಆ್ಯಪಿನಲ್ಲಿ ಆ ಸೆಟ್ಟಿಂಗ್ ಓದಿ, ಅದು ಆನ್ ಇದ್ದರೆ ಸರಿದಾಟ ಬಿಟ್ಟು ಪರದೆಯನ್ನು ಸುಮ್ನೆ ಬದಲಿಸಿ.