ಡಿಯರ್ ಅಂದರೆ ಮೊದಲು ಜಿಂಕೆ ಆಗಿರಲಿಲ್ಲ

ಪ್ರಶ್ನೆ: ನಾನು ಈಚೆಗೆ ಜರ್ಮನ್ ಕಲಿಯುತ್ತಿದ್ದೇನೆ. ಅಲ್ಲಿ 'ಟೀರ್' ಅಂದರೆ ಪ್ರಾಣಿ. ಇಂಗ್ಲಿಷಿನ 'ಡಿಯರ್' ಅಂದರೆ ಜಿಂಕೆ. ಇವೆರಡಕ್ಕೂ ನಂಟಿದೆಯೇ, ಇಲ್ಲ ಸುಮ್ನೆ ಒಂದೇ ಥರ ಕೇಳಿಸುತ್ತವೆಯೇ? ಪತ್ರದ ಶುರುವಿನಲ್ಲಿ ಬರೆಯುವ 'ಡಿಯರ್'ಗೂ ಇದಕ್ಕೂ ಸಂಬಂಧ ಇದೆಯೇ? ಒಂದು ಜಿಂಕೆ ಇದ್ದರೂ ಹತ್ತು ಜಿಂಕೆ ಇದ್ದರೂ 'ಡಿಯರ್' ಅಂತಲೇ ಯಾಕೆ ಹೇಳುತ್ತಾರೆ?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. 'ಟೀರ್' ಮತ್ತು 'ಡಿಯರ್' ಒಂದೇ ತಾಯಿಯ ಮಕ್ಕಳು. ಇಂಗ್ಲಿಷಿನಲ್ಲಿ 'ಡ' ಇದ್ದ ಕಡೆ ಜರ್ಮನ್‌ನಲ್ಲಿ 'ಟ' ಬರುವುದು ಜಾಸ್ತಿ. ಡೇ–ಟಾಗ್, ಡೋರ್–ಟ್ಯೂರ್, ಡ್ರಿಂಕ್–ಟ್ರಿಂಕನ್ ನೋಡಿ. ಪತ್ರದ 'ಡಿಯರ್' ಮಾತ್ರ ಬೇರೆ ಮನೆಯದು. ಅದರ ಮೂಲ ಅರ್ಥ ಬೆಲೆಬಾಳುವುದು. ಜರ್ಮನ್‌ನಲ್ಲಿ ಅದರ ಜೋಡಿ 'ಟಾಯರ್', ಅಂದರೆ ದುಬಾರಿ. ಇಂಗ್ಲಿಷಿನಲ್ಲಿ ಎರಡೂ ಪದಗಳ ಉಚ್ಚಾರಣೆ ಒಂದಾಗಿಬಿಟ್ಟಿದೆ. ಜರ್ಮನ್‌ನಲ್ಲಿ ಅವು ಇಂದಿಗೂ ಬೇರೆಬೇರೆಯಾಗಿಯೇ ಕೇಳಿಸುತ್ತವೆ.

ಇನ್ನು ಅರ್ಥದ ಮಾತು. ಇಲ್ಲಿ ಬದಲಾದದ್ದು ಜರ್ಮನ್ ಅಲ್ಲ, ಇಂಗ್ಲಿಷ್. ಹಳೆಯ ಇಂಗ್ಲಿಷಿನಲ್ಲಿ ಈ ಪದ 'ಡೇಒರ್' ಎಂದಿತ್ತು. ಅದರ ಅರ್ಥ ಪ್ರಾಣಿ, ಅದರಲ್ಲೂ ಕಾಡುಪ್ರಾಣಿ. ಡಚ್ಚಿನ 'ಡೀರ್', ಸ್ವೀಡಿಷ್‌ನ 'ಯೂರ್' ಈಗಲೂ ಅದೇ ಅರ್ಥ ಇಟ್ಟುಕೊಂಡಿವೆ.

ಇದಕ್ಕೆ ನನಗೆ ತುಂಬ ಇಷ್ಟವಾದ ಸಾಕ್ಷಿ ಒಂದಿದೆ. 9ನೇ ಶತಮಾನದ ಕೊನೆಯಲ್ಲಿ ಓಹ್ತೆರೆ ಎಂಬ ನಾರ್ವೆಯ ನಾವಿಕ ಇಂಗ್ಲೆಂಡಿನ ರಾಜ ಆಲ್‌ಫ್ರೆಡನಿಗೆ ತನ್ನ ಸಂಪತ್ತಿನ ವಿವರ ಹೇಳಿದ. ಅದು ಹಳೆಯ ಇಂಗ್ಲಿಷಿನಲ್ಲಿ ಬರಹವಾಗಿ ಉಳಿದಿದೆ. ಅವನ ಬಳಿ ಮಾರದೆ ಉಳಿಸಿಕೊಂಡ 600 ಸಾಕಿದ 'ಡೇಒರ್' ಇದ್ದವು. 'ಆ ಡೇಒರ್‌ಗಳನ್ನು ಹ್ರಾನ್ ಅನ್ನುತ್ತಾರೆ' ಎಂದು ಮುಂದಿನ ಮಾತು. ಹ್ರಾನ್ ಅಂದರೆ ಇಂದಿನ ರೇನ್‌ಡಿಯರ್, ಹಿಮಸಾರಂಗ. 'ಆ ಪ್ರಾಣಿಗಳಿಗೆ ಹೀಗೊಂದು ಹೆಸರಿದೆ' ಎಂದು ವಿವರಿಸುವ ಧಾಟಿ ಅದು. ರೇನ್‌ಡಿಯರ್‌ನ 'ರೇನ್' ಕುದುರೆಯ ಲಗಾಮು ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ, ಅದು ನಾರ್ವೆ ಕಡೆಯ ಹಳೆಯ ಭಾಷೆಯಾದ ನಾರ್ಸ್‌ನಲ್ಲಿ ಆ ಪ್ರಾಣಿಗಿದ್ದ ಹೆಸರು.

ಹಾಗಾದರೆ ಪದ ಕುಗ್ಗಿದ್ದು ಹೇಗೆ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅವರ ಫ್ರೆಂಚಿನಿಂದ 'ಬೀಸ್ಟ್' ಬಂತು, ಲ್ಯಾಟಿನ್‌ನಿಂದ 'ಅನಿಮಲ್' ಬಂತು. ಪ್ರಾಣಿ ಅನ್ನುವ ವಿಶಾಲ ಅರ್ಥವನ್ನು ಇವೆರಡು ಹೊತ್ತುಕೊಂಡವು. ಹಳೆಯ ಪದಕ್ಕೆ ಉಳಿದದ್ದು ಬೇಟೆಯ ಕಾಡು. ನಾರ್ಮನ್ ರಾಜರು ಮುಖ್ಯವಾಗಿ ಜಿಂಕೆ ಬೇಟೆಗೆಂದು ಕಾಡುಗಳನ್ನು ಕಾಯ್ದಿರಿಸಿದ್ದರು. ಬೇಟೆಗಾರ 'ಪ್ರಾಣಿ ಸಿಕ್ಕಿತು' ಅಂದರೆ ಅದು ಹೆಚ್ಚಾಗಿ ಜಿಂಕೆಯೇ ಆಗಿರುತ್ತಿತ್ತು. 15ನೇ ಶತಮಾನ ಮುಗಿಯುವ ಹೊತ್ತಿಗೆ ಜಿಂಕೆ ಎಂಬ ಅರ್ಥವೇ ಗಟ್ಟಿಯಾಯಿತು. ಆದರೂ ಹಳೆಯ ಅರ್ಥ ಪೂರ್ತಿ ಸಾಯಲಿಲ್ಲ. 1605–06ರ ಸುಮಾರಿಗೆ ಬರೆದ 'ಕಿಂಗ್ ಲಿಯರ್' ನಾಟಕದಲ್ಲಿ ಶೇಕ್ಸ್‌ಪಿಯರ್ ಇಲಿ ಹೆಗ್ಗಣಗಳನ್ನೂ 'ಸಣ್ಣ ಡಿಯರ್' ಎಂದು ಕರೆದಿದ್ದಾನೆ. ಅದನ್ನು ಜಿಂಕೆ ಎಂದು ಓದಿಕೊಂಡರೆ ಆ ಸಾಲು ಅರ್ಥವೇ ಆಗುವುದಿಲ್ಲ.

ಇದು ನಮಗೆ ವಿಚಿತ್ರ ಅನ್ನಿಸಬೇಕಿಲ್ಲ. 'ಮೃಗ' ಪದವನ್ನೇ ನೋಡಿ. ಋಗ್ವೇದದಲ್ಲಿ ಆನೆಯನ್ನು 'ಹಸ್ತಿನ್ ಮೃಗ', ಕೈಯುಳ್ಳ ಪ್ರಾಣಿ, ಅಂದಿದ್ದಾರೆ. ಮುಂದೆ ಸಂಸ್ಕೃತದಲ್ಲಿ ಅದೇ ಪದ ಜಿಂಕೆಗೂ ನಿಂತಿತು. ಬೇಟೆಗೆ 'ಮೃಗಯಾ' ಎಂಬ ಹೆಸರು. ಇಲ್ಲೂ ಬೇಟೆಯ ನೆರಳಿದೆ, ಅಲ್ವಾ? ಕನ್ನಡದಲ್ಲಿ ಎರಡು ಅರ್ಥವೂ ಅಕ್ಕಪಕ್ಕ ಬಾಳುತ್ತಿವೆ. ಮೃಗರಾಜ, ಮೃಗಾಲಯ ಅಂದಾಗ ಪ್ರಾಣಿ. ಮೃಗನಯನಿ, ಕಸ್ತೂರಿಮೃಗ ಅಂದಾಗ ಜಿಂಕೆ. ಯಾರೂ ಗೊಂದಲಪಡುವುದಿಲ್ಲ. ಇಂಗ್ಲಿಷ್ ಒಂದನ್ನು ಬಿಟ್ಟುಬಿಟ್ಟಿತು, ಅಷ್ಟೇ ವ್ಯತ್ಯಾಸ.

ಇನ್ನೂ ಹಿಂದಕ್ಕೆ ಹೋದರೆ, 'ಡಿಯರ್'ನ ಬೇರು ಉಸಿರಾಡು ಎಂಬ ಅರ್ಥದ ಧಾತುವಿನಲ್ಲಿದೆ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅದನ್ನು ನಂಬುವುದು ನನಗೆ ಸುಲಭ. ಲ್ಯಾಟಿನ್‌ನ 'ಅನಿಮಾ' ಅಂದರೆ ಉಸಿರು, ಅದರಿಂದ ಬಂದದ್ದು ಅನಿಮಲ್. ನಮ್ಮ ಪ್ರಾಣ ಮತ್ತು ಪ್ರಾಣಿ ಕೂಡ ಹಾಗೆಯೇ.

ಕೊನೆಯ ಪ್ರಶ್ನೆ ಬಹುವಚನದ್ದು. ಹಳೆಯ ಇಂಗ್ಲಿಷಿನ ಒಂದು ಗುಂಪಿನ ನಪುಂಸಕಲಿಂಗ ಪದಗಳಿಗೆ, ಕರ್ತೃ ಮತ್ತು ಕರ್ಮವಾಗಿ ಬಂದಾಗ, ಬಹುವಚನದ ಪ್ರತ್ಯಯವೇ ಇರಲಿಲ್ಲ. ಡಿಯರ್, ಶೀಪ್, ವರ್ಡ್, ಥಿಂಗ್ ಎಲ್ಲವೂ ಆ ಗುಂಪಿನವು. ಮುಂದೆ ವರ್ಡ್, ಥಿಂಗ್ 'ಸ್' ಸೇರಿಸಿಕೊಂಡವು. ಜಿಂಕೆ, ಕುರಿಗಳ ಹೆಸರು ಹಳೆಯದನ್ನೇ ಉಳಿಸಿಕೊಂಡವು. ನೀವೂ ಪ್ರಶ್ನೆಯಲ್ಲಿ 'ಹತ್ತು ಜಿಂಕೆ' ಎಂದು ಬರೆದಿದ್ದೀರಿ, 'ಹತ್ತು ಜಿಂಕೆಗಳು' ಎಂದಲ್ಲ.